ಘಟ್ಟದ ಮೇಲಿನ ಮನೆಗೆ ಎಲೆಕ್ಟ್ರಿಕ್ ಕಾರು ಬಂದ ಮೇಲೆ

ಕಾರು ಮನೆಗೆ ಬಂದ ಮೊದಲ ರಾತ್ರಿ ಚಾರ್ಜ್ ಆಗಲೇ ಇಲ್ಲ. ಪ್ಲಗ್ ಹಾಕಿದರೆ ಚಾರ್ಜರ್ ಮೇಲೆ ಕೆಂಪು ದೀಪ. ತೆಗೆದು ಹಾಕಿದೆ, ಮತ್ತೆ ಕೆಂಪು. ಮಿಕ್ಸಿ, ಗೀಸರ್, ಪಂಪ್‌ಸೆಟ್ ಎಲ್ಲಾ ಓಡುವ ಮನೆಯಲ್ಲಿ ಕಾರಿಗೆ ಮಾತ್ರ ಏನು ತೊಂದರೆ ಅಂತ ಗೊತ್ತಾಗಲಿಲ್ಲ. ಬೆಳಿಗ್ಗೆ ಎಲೆಕ್ಟ್ರಿಷಿಯನ್ ಬಂದು ಮೀಟರ್ ಹಿಡಿದು ನೋಡಿದ. "ಸರ್, ನಿಮ್ಮನೇಲಿ ಅರ್ತಿಂಗೇ ಇಲ್ಲ" ಅಂದ. ಅರ್ತಿಂಗ್ ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ದಾರಿ. ಅದು ಇಲ್ಲದಿದ್ದರೆ ಕಾರಿನ ಚಾರ್ಜರ್ ಓಡಲು ಒಪ್ಪುವುದಿಲ್ಲ. ಅಜ್ಜನ ಕಾಲದಲ್ಲಿ ಹೂತ ಪೈಪು ತುಕ್ಕು ಹಿಡಿದು ಮಣ್ಣಾಗಿತ್ತು. ಇಷ್ಟು ವರ್ಷ ಅಮ್ಮ ಅದೇ ಮನೆಯಲ್ಲಿ ಒದ್ದೆ ಕೈಯಲ್ಲಿ ಗೀಸರ್ ಸ್ವಿಚ್ ಹಾಕುತ್ತಿದ್ದರು. ನೆನೆಸಿಕೊಂಡರೆ ಈಗಲೂ ಮೈ ಜುಂ ಅನ್ನುತ್ತದೆ. ಬೇರೆ ಯಾವ ಯಂತ್ರವೂ ಅದನ್ನು ನಮಗೆ ಹೇಳಿರಲಿಲ್ಲ.

ಅಂಗಳದ ಮೂಲೆಯಲ್ಲಿ ಎಂಟು ಅಡಿ ಗುಂಡಿ ತೆಗೆಸಿದೆವು. ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಇಳಿಸಿ, ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಉಪ್ಪು ತುಂಬಿ ನೀರು ಸುರಿದೆವು. ಮೀಟರ್ ಬೋರ್ಡಿನಿಂದ ಕಾರು ನಿಲ್ಲುವ ಜಾಗದವರೆಗೆ 4 ಸ್ಕ್ವೇರ್ ಎಂಎಂ ತಾಮ್ರದ ವೈರು ಎಳೆಸಿದೆ. ಅದಕ್ಕೇ ಅಂತ ಬೇರೆ ಎಂಸಿಬಿ (ಲೋಡ್ ಮೀರಿದರೆ ಕರೆಂಟ್ ಕಡಿಯುವ ಸ್ವಿಚ್), ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್), ಹೊಸ 16 ಆಂಪ್ಸ್ ಸಾಕೆಟ್. ದಯವಿಟ್ಟು ಇದರಲ್ಲಿ ಕಾಸು ಉಳಿಸಲು ಹೋಗಬೇಡಿ. ಗೀಸರ್ ಅರ್ಧ ಗಂಟೆ ಓಡಿ ನಿಲ್ಲುತ್ತದೆ. ಕಾರು ನಾಲ್ಕೈದು ಗಂಟೆ ಒಂದೇ ಸಮ ಕರೆಂಟ್ ಎಳೆಯುತ್ತದೆ. ಹಳೇ ಸಾಕೆಟ್ ಆದರೆ ಬಿಸಿಯಾಗಿ ಕಪ್ಪಾಗುತ್ತದೆ. ಏಪ್ರಿಲ್‌ನಲ್ಲಿ ಮಣ್ಣು ಒಣಗಿದಾಗ ಕೆಂಪು ದೀಪ ಇನ್ನೊಮ್ಮೆ ಬಂತು. ಗುಂಡಿಗೆ ಎರಡು ಕೊಡ ನೀರು ಹಾಕಿದ ಮೇಲೆ ಸರಿಹೋಯಿತು. ಈಗ ಅಮ್ಮ ಮಲ್ಲಿಗೆ ಗಿಡಕ್ಕೆ ನೀರು ಹಾಕುವಾಗ ಅಲ್ಲಿಗೂ ಒಂದು ಕೊಡ ಹಾಕುತ್ತಾರೆ.

ನಮ್ಮ ಮನೆ ಸಕಲೇಶಪುರದ ಹತ್ತಿರ, ಕೆಲಸ ಹಾಸನದಲ್ಲಿ. ಹೋಗಿ ಬರಲು ದಿನಕ್ಕೆ 84 ಕಿಲೋಮೀಟರ್. ಹಳೇ ಡೀಸೆಲ್ ಕಾರು ಲೀಟರ್‌ಗೆ 18 ಕೊಡುತ್ತಿತ್ತು. ಲೀಟರ್‌ಗೆ 90 ರೂಪಾಯಿ ಹಿಡಿದರೆ ದಿನಕ್ಕೆ 420. ಈಗಿನ ಕಾರು ಒಂದು ಯೂನಿಟ್‌ಗೆ 7 ಕಿಲೋಮೀಟರ್ ಓಡುತ್ತದೆ. ಚಾರ್ಜ್ ಆಗುವಾಗ ಪೋಲಾಗುವುದೂ ಸೇರಿ ದಿನಕ್ಕೆ 14 ಯೂನಿಟ್ ಬೇಕು. ಯೂನಿಟ್‌ಗೆ 7 ರೂಪಾಯಿ ಹಿಡಿದರೂ ನೂರು ದಾಟುವುದಿಲ್ಲ.

ಆದರೆ ಗೃಹಜ್ಯೋತಿಯ ಲೆಕ್ಕವನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ನಮ್ಮ ಮನೆಗೆ ತಿಂಗಳಿಗೆ 90 ಯೂನಿಟ್ ಸಾಕಿತ್ತು, ಬಿಲ್ ಸೊನ್ನೆ. ಕಾರಿನ ಮುನ್ನೂರು ಚಿಲ್ಲರೆ ಯೂನಿಟ್ ಸೇರಿ 200 ದಾಟಿದ ಮೇಲೆ ಪೂರ್ತಿ ಬಿಲ್ ಕಟ್ಟಬೇಕಾಯಿತು. ಚೆಸ್ಕಾಂನಲ್ಲಿ ಲೋಡ್ ಜಾಸ್ತಿ ಮಾಡಿಸಿದ್ದಕ್ಕೆ ನಿಗದಿತ ಶುಲ್ಕವೂ ಏರಿತು. ಈಗ ತಿಂಗಳಿಗೆ ಮೂರು ಸಾವಿರ ದಾಟುತ್ತದೆ. ಅದನ್ನೆಲ್ಲ ಕಳೆದರೂ ಆರು ಸಾವಿರಕ್ಕಿಂತ ಜಾಸ್ತಿ ಉಳಿಯುತ್ತದೆ.

ಹಾಸನದ ದಾರಿ ಸುಲಭ. ನಿಜವಾದ ಪಾಠ ಶಿರಾಡಿ ಘಾಟಿಯಲ್ಲಿ ಆಯಿತು. ಅಮ್ಮನ ಕಣ್ಣು ತೋರಿಸಲು ತಿಂಗಳಿಗೊಮ್ಮೆ ಮಂಗಳೂರಿಗೆ ಹೋಗಬೇಕು, ಸುಮಾರು 130 ಕಿಲೋಮೀಟರ್. ಮೊದಲ ಸಲ ಹುಷಾರಿಗೆ ಅಂತ ಬ್ಯಾಟರಿ ನೂರಕ್ಕೆ ನೂರು ತುಂಬಿಸಿ ಹೊರಟೆ. ದೋಣಿಗಾಲ್ ದಾಟಿ ಇಳಿಜಾರಿನಲ್ಲಿ ಕಾಲು ತೆಗೆದರೆ ಕಾರು ನಿಧಾನವಾಗಲೇ ಇಲ್ಲ. ಇಳಿಯುವಾಗ ಮೋಟಾರೇ ಡೈನಮೋ ಆಗಿ ಕರೆಂಟ್ ಮಾಡುತ್ತದೆ, ಅದರಿಂದಲೇ ಕಾರಿಗೆ ಹಿಡಿತ ಸಿಗುತ್ತದೆ. ಬ್ಯಾಟರಿ ತುಂಬಿದ್ದರೆ ಆ ಕರೆಂಟ್ ಹೋಗುವುದೆಲ್ಲಿಗೆ? ಹಿಡಿತವೂ ಇಲ್ಲ. ಗಾಬರಿಯಾಗಿ ಬ್ರೇಕ್ ಒತ್ತುತ್ತಲೇ ಇಳಿದೆ. ಈಗ 85ಕ್ಕೆ ಚಾರ್ಜ್ ನಿಲ್ಲಿಸಿ ಹೊರಡುತ್ತೇನೆ. ಘಟ್ಟದ ಕೆಳಗಿನ ಗುಂಡ್ಯ ತಲುಪುವಾಗ ಒಂದೆರಡು ಶೇಕಡಾ ಏರಿರುತ್ತದೆ. ಆ ಹಿಡಿತವನ್ನು ಪೂರ್ತಿ ಇಟ್ಟರೆ ಕಾರು ಜಗ್ಗಿ ಜಗ್ಗಿ ಅಮ್ಮನಿಗೆ ವಾಂತಿ ಬರುತ್ತದೆ. ಅದಕ್ಕೇ ಸ್ವಲ್ಪ ಕಡಿಮೆ ಇಡುತ್ತೇನೆ.

ಹತ್ತುವಾಗ ಕಿಲೋಮೀಟರ್ ಲೆಕ್ಕ ಸಾಲದು, ಎತ್ತರದ ಲೆಕ್ಕವೂ ಬೇಕು. ಪಂಪ್‌ಸೆಟ್ ನೀರು ಎತ್ತುವ ಹಾಗೇ ಇದೂ ಅಲ್ವಾ? ಕಾರು ಮತ್ತು ನಾವು ಸೇರಿ 1,700 ಕಿಲೋ. ಅಷ್ಟನ್ನು 900 ಮೀಟರ್ ಮೇಲೆತ್ತಲು ನಾಲ್ಕು ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ ಬೇಕು. ನಮ್ಮದು 30 ಯೂನಿಟ್ ಬ್ಯಾಟರಿ. ಅದರಲ್ಲಿ ಏಳನೇ ಒಂದು ಭಾಗ ಬರೀ ಎತ್ತರಕ್ಕೆ ಹೋಗುತ್ತದೆ. ಬಯಲಿನ ದಾರಿ ಲೆಕ್ಕ ಹಾಕಿ ಘಟ್ಟ ಹತ್ತಿದರೆ ಕಷ್ಟ.

ಒಂದು ಸಲ ಮಂಗಳೂರಿನ ಚಾರ್ಜಿಂಗ್ ಮಷೀನು 70ಕ್ಕೆ ಬಂದಾಗ ನಿಂತುಹೋಯಿತು. ಅಂದರೆ 21 ಯೂನಿಟ್ ಇತ್ತು, ಮನೆ ಸೇರಲು 23 ಬೇಕು. ಘಟ್ಟದ ಬುಡದಲ್ಲಿ ಒಂದು ಸಣ್ಣ ಹೋಟೆಲ್‌ನಲ್ಲಿ ನಿಲ್ಲಿಸಿ ಸಂಕೋಚದಿಂದಲೇ ಕೇಳಿದೆ. "ಗ್ರೈಂಡರಿನ ಪಾಯಿಂಟ್ ಉಂಟಲ್ಲ, ಹಾಕಿ. ಅಮ್ಮ ಒಳಗೆ ಬಂದು ಕೂತುಕೊಳ್ಳಲಿ" ಅಂದರು ಆ ಹೋಟೆಲಿನಮ್ಮ. ಊಟ ಮಾಡಿ, ಮಾತಾಡಿ ಏಳುವಷ್ಟರಲ್ಲಿ ಎರಡು ಗಂಟೆ ಆಗಿತ್ತು, ಆರು ಯೂನಿಟ್ ಸೇರಿತ್ತು. ಕರೆಂಟಿನ ದುಡ್ಡು ಬೇಡ ಅಂದರು. ಬಲವಂತ ಮಾಡಿ ಕೊಟ್ಟು ಬಂದೆ. ಈಗ ಹೋದಾಗಲೆಲ್ಲ ಊಟ ಅಲ್ಲೇ.

ಮಳೆಗಾಲದ ಮಾತು ಬೇರೆ. ನಮ್ಮ ಕಡೆ ಲೈನ್ ಮೇಲೆ ಮರ ಬಿದ್ದರೆ ಎರಡು ದಿನ ಕರೆಂಟ್ ಇಲ್ಲ. ಮನೆಯ ಯುಪಿಎಸ್‌ನಲ್ಲಿ ಕಾರು ಚಾರ್ಜ್ ಆಗುವುದಿಲ್ಲ. ಜೂನ್ ಬಂತೆಂದರೆ ನಾಳೆ ನೋಡೋಣ ಅನ್ನದೆ, ಕರೆಂಟ್ ಇದ್ದಾಗಲೆಲ್ಲ ಪ್ಲಗ್ ಹಾಕಿಬಿಡುತ್ತೇನೆ. ತೋಟದ ಜೀಪು ಮಾತ್ರ ಇನ್ನೂ ಡೀಸೆಲ್‌ನದೇ. ಕಾಫಿ ಮೂಟೆ ಹೇರಿಕೊಂಡು ಕೆಸರಿನಲ್ಲಿ ಹತ್ತಲು, ರಾತ್ರಿ ಹೊತ್ತು ಯಾರಿಗಾದರೂ ಹುಷಾರು ತಪ್ಪಿದರೆ ಹೊರಡಲು ಅದು ಬೇಕು. ಸದ್ಯಕ್ಕೆ ಅದನ್ನು ಮಾರುವುದಿಲ್ಲ.