ವಾರಕ್ಕೊಂದೇ ಕಂತು: ಹಳೇ ಸೀರಿಯಲ್ ಅನ್ನು ಅಂದಿನ ಹಾಗೇ ನೋಡುವುದು ಹೇಗೆ?

2020ರ ಲಾಕ್‌ಡೌನ್‌ನಲ್ಲಿ ದೂರದರ್ಶನ ರಮಾನಂದ ಸಾಗರರ ‘ರಾಮಾಯಣ’ವನ್ನು ಮತ್ತೆ ಹಾಕಿತು. ಮಾರ್ಚ್ 28ಕ್ಕೆ ಶುರು. ಬೆಳಗ್ಗೆಯೂ ಉಂಟು, ರಾತ್ರಿಯೂ ಉಂಟು. ಏಪ್ರಿಲ್ 18ಕ್ಕೆ ಯುದ್ಧ, ಪಟ್ಟಾಭಿಷೇಕ ಎಲ್ಲ ಮುಗಿದೇ ಹೋಯಿತು. ಅದೇ ಸೀರಿಯಲ್ ಮೊದಲ ಸಲ ಬಂದಾಗ 1987ರ ಜನವರಿ 25ರಿಂದ 1988ರ ಜುಲೈ 31ರವರೆಗೆ, ಭಾನುವಾರಕ್ಕೆ ಒಂದು ಕಂತಿನಂತೆ ನಡೆದಿತ್ತು. ಒಂದೂವರೆ ವರ್ಷದ ಊಟವನ್ನು ಮೂರು ವಾರದಲ್ಲಿ ಉಂಡ ಹಾಗಾಯಿತು.

ಕಥೆ ಗೊತ್ತಿರುವ ಸೀರಿಯಲ್‌ಗೆ ಕಾಯುವುದು ಯಾಕೆ ಎಂದು ಯಾರಾದರೂ ಕೇಳಬಹುದು. ಬೇರೆ ಊರಿನವರು ಕೇಳಲಿ, ಮಂಗಳೂರು-ಉಡುಪಿಯವರು ಕೇಳಬಾರದು. ಕರ್ಣ ಸಾಯುತ್ತಾನೆ ಎಂದು ಗೊತ್ತಿದ್ದೇ ನಾವು ಯಕ್ಷಗಾನದ ಆಟಕ್ಕೆ ಹೋಗುತ್ತೇವೆ, ಬೆಳಗಿನವರೆಗೆ ಕೂರುತ್ತೇವೆ. ಇವತ್ತಿನ ಕರ್ಣ ಹೇಗೆ ಮಾತಾಡಿದ, ಶಲ್ಯ ಎಂಥ ಉತ್ತರ ಕೊಟ್ಟ ಎಂಬುದರ ಚರ್ಚೆ ಆಮೇಲೆ ವಾರಗಟ್ಟಲೆ ನಡೆಯುತ್ತದೆ. ಸೀರಿಯಲ್‌ಗೂ ಆ ವಾರ ಬೇಕು. ಕಂತುಗಳ ನಡುವಿನ ಆ ಮಾತುಕತೆಗಾಗಿಯೇ ಇಷ್ಟೆಲ್ಲ ಏರ್ಪಾಟು.

ಮೊದಲು ಸೀರಿಯಲ್ ಆರಿಸಿ

ಮೊದಲ ಸಲವೇ ದೊಡ್ಡದಕ್ಕೆ ಕೈ ಹಾಕಬೇಡಿ. ‘ಮಾಲ್ಗುಡಿ ಡೇಸ್’ನಿಂದ ಶುರು ಮಾಡಿದರೆ ಒಳ್ಳೆಯದು. ಶಂಕರ್ ನಾಗ್ ನಿರ್ದೇಶನ, ಎಲ್. ವೈದ್ಯನಾಥನ್ ಸಂಗೀತ, ಆರ್.ಕೆ. ಲಕ್ಷ್ಮಣ್ ಚಿತ್ರಗಳು. ಹೆಚ್ಚಿನ ಕಥೆಗಳು ಒಂದೇ ಕಂತಿಗೆ ಮುಗಿಯುತ್ತವೆ. ಸ್ವಾಮಿ ಎಂಬ ಹುಡುಗನ ಕಥೆಯಂಥ ಕೆಲವು ಮಾತ್ರ ಕಂತಿನಿಂದ ಕಂತಿಗೆ ಮುಂದುವರಿಯುತ್ತವೆ. ನಮ್ಮವರಿಗೆ ಇನ್ನೊಂದು ಲಾಭ ಇದೆ. ಚಿತ್ರೀಕರಣ ನಡೆದ ಆಗುಂಬೆ ಉಡುಪಿಯಿಂದ ದೂರವೇನಲ್ಲ. ಹೆಬ್ರಿ, ಸೋಮೇಶ್ವರ ದಾಟಿ ಘಾಟಿ ಹತ್ತಿದರೆ ಆಯಿತು. ಎರಡು ಕಂತುಗಳ ನಡುವೆ ಒಂದು ದಿನ ಹೋಗಿ ಸ್ವಾಮಿಯ ಮನೆಯಾಗಿದ್ದ ದೊಡ್ಡಮನೆಯನ್ನು ನೋಡಿ ಬನ್ನಿ. ಎಲ್ಲ ಕಂತನ್ನೂ ಒಂದೇ ರಾತ್ರಿ ನೋಡಿ ಮುಗಿಸಿದವರಿಗೆ ಈ ಯೋಚನೆ ಬರುವುದೇ ಇಲ್ಲ.

ದಿನಾ ಬರುವ ಸೀರಿಯಲ್ ಬೇಕು ಅನ್ನುವವರಿಗೆ 1998ರ ‘ಮಾಯಾಮೃಗ’ ಇದೆ. ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಸೇರಿ ಮಾಡಿದ್ದು. ವಾರದ ದಿನಗಳಲ್ಲಿ ಸಂಜೆ 4.30ಕ್ಕೆ ಬರುತ್ತಿತ್ತು. ಕೆಲಸಕ್ಕೆ ಹೋಗುವವರಿಗೆ ಆ ಹೊತ್ತು ಆಗದ ಮಾತು. ರಾತ್ರಿಗೆ ಬದಲಿಸಿಕೊಳ್ಳಿ, ತಪ್ಪಿಲ್ಲ. ಆದರೆ ಒಮ್ಮೆ 8.30 ಎಂದರೆ ಕೊನೆಯವರೆಗೂ 8.30.

ಕ್ಯಾಲೆಂಡರ್ ಹಿಡಿಯಿರಿ

ಫೋನಿನ ಕ್ಯಾಲೆಂಡರ್ ಬೇಡ, ಗೋಡೆಯದ್ದೇ ಆಗಲಿ. ಮನೆಯವರೆಲ್ಲರ ಕಣ್ಣಿಗೆ ಬೀಳಬೇಕು. ತಾರೀಕು ಹೊಂದಿಸುವ ಹುಚ್ಚಿದ್ದರೆ ಒಂದು ಸ್ವಾರಸ್ಯ ಕೇಳಿ. 1987, 1998, 2026 ಈ ಮೂರೂ ವರ್ಷಗಳ ಕ್ಯಾಲೆಂಡರ್ ಒಂದೇ. ಜನವರಿ 25 ಮೂರರಲ್ಲೂ ಭಾನುವಾರ. ಆದರೆ 1988ರಲ್ಲಿ ಫೆಬ್ರವರಿ 29 ಇತ್ತು, 2027ರಲ್ಲಿ ಇಲ್ಲ. ಹಾಗಾಗಿ ಎರಡನೇ ವರ್ಷ ಮಾರ್ಚ್‌ನಿಂದ ಒಂದು ದಿನ ತಪ್ಪುತ್ತದೆ, ಜುಲೈ 31 ಶನಿವಾರವಾಗಿ ಬಿಡುತ್ತದೆ. ಅಲ್ಲಿಗೆ ತಾರೀಕನ್ನು ಬಿಟ್ಟು ವಾರವನ್ನು ಹಿಡಿದುಕೊಳ್ಳಿ. ನಿಜ ಹೇಳಬೇಕೆಂದರೆ ಮೊದಲಿಂದಲೇ ವಾರ ಹಿಡಿದರೆ ಸಾಕು.

‘ರಾಮಾಯಣ’ದ ಕಂತು 78. ಆ ಅವಧಿಯ ಭಾನುವಾರಗಳನ್ನು ಎಣಿಸಿದರೆ 80. ಅಂದರೆ ಎರಡು ರಜೆ ನಿಮ್ಮ ಕೈಯಲ್ಲಿವೆ. ಮೇ ತಿಂಗಳ ಮದುವೆಗಳಿಗೆ ಉಳಿಸಿಕೊಳ್ಳಿ.

ಅಂದು ‘ರಾಮಾಯಣ’ ಬರುತ್ತಿದ್ದ ಭಾನುವಾರ ಬೆಳಗ್ಗೆ 9.30 ಎಂದರೆ ನಮ್ಮ ಕಡೆ ಸುಲಭದ ಹೊತ್ತಲ್ಲ. ಇಗರ್ಜಿಗೆ ಹೋಗುವವರು ಮೊದಲ ಪೂಜೆಗೇ ಹೋಗಿ ಬರಬೇಕು. ಮೀನು ತರುವವರು ಬೇಗ ತಂದಿಡಬೇಕು. ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆಗೆ ಮೊದಲಾದರೆ ಶನಿವಾರ ರಾತ್ರಿ ಆಟಕ್ಕೆ ಹೋದವರು ಕಣ್ಣುಜ್ಜುತ್ತಲೇ ಕೂರಬೇಕು. ಬನ್ಸೋ ನೀರುದೋಸೆಯೋ, ಟಿವಿ ಮುಂದೆಯೇ ಆಗಲಿ. ಇಷ್ಟು ಓಡಾಡಿ ಬಂದು ಕೂತರೆ ನೋಡುವ ಗಮನವೇ ಬೇರೆ.

ಟಿವಿಯ ಬಾಲ ಕತ್ತರಿಸಿ

ಪ್ರಸಾರ ಭಾರತಿಯ ‘ವೇವ್ಸ್’ ಆ್ಯಪ್ ಮತ್ತು ದೂರದರ್ಶನದ ಯೂಟ್ಯೂಬ್ ಚಾನಲ್‌ಗಳಲ್ಲಿ ಮೊದಲು ಹುಡುಕಿ. ಸಿಕ್ಕಿದ ಕೂಡಲೇ ಸೆಟ್ಟಿಂಗ್‌ಗೆ ಹೋಗಿ ಆಟೋಪ್ಲೇ ಆಫ್ ಮಾಡಿ. ಈ ಒಂದು ಕೆಲಸ ಮಾಡದಿದ್ದರೆ ಉಳಿದದ್ದೆಲ್ಲ ಸುಮ್ನೆ. ಕಂತು ಮುಗಿದು ಹೆಸರುಗಳು ಓಡುವಾಗಲೇ ಮುಂದಿನದು ತಾನಾಗಿ ಶುರುವಾಗುತ್ತದೆ, ಕೈ ರಿಮೋಟಿಗೆ ಹೋಗುವುದೇ ಇಲ್ಲ. ಪಕ್ಕದಲ್ಲಿ ಬರುವ ಮುಂದಿನ ಕಂತಿನ ಚಿತ್ರವೂ ಅಪಾಯ. ರಿಮೋಟ್ ಮನೆಯ ಅತಿ ಹಟದ ವ್ಯಕ್ತಿಯ ಕೈಯಲ್ಲಿರಲಿ. ನಮ್ಮಲ್ಲಿ ಸಾಮಾನ್ಯವಾಗಿ ಅದು ದೊಡ್ಡಮ್ಮ.

ತಪ್ಪಿದರೆ ತಪ್ಪಿತು

ಇದೇ ಕಷ್ಟದ ನಿಯಮ, ಇದೇ ಚಂದದ್ದು ಕೂಡ. ಒಂದು ಕಂತು ತಪ್ಪಿತೋ, ಆಮೇಲೆ ಹಾಕಿ ನೋಡುವ ಹಾಗಿಲ್ಲ. ನೋಡಿದವರ ಬಾಯಿಂದ ಕೇಳಬೇಕು. ಅಂದು ಹಾಗೇ ಅಲ್ವಾ? ರೆಕಾರ್ಡ್ ಮಾಡುವ ಸೌಕರ್ಯ ಎಷ್ಟು ಮನೆಯಲ್ಲಿತ್ತು? ಹೇಳುವವರು ಇದ್ದದ್ದಕ್ಕೆ ಇನ್ನೆರಡು ಸೇರಿಸುತ್ತಾರೆ, ಸೇರಿಸಲಿ. ಮಳೆಗಾಲದಲ್ಲಿ ಕರೆಂಟ್ ಹೋದರೂ ಇದೇ ಕಾನೂನು. ಆದರೆ ಎಲ್ಲರ ಮನೆಯಲ್ಲೂ ಕರೆಂಟ್ ಹೋಗಿ ಯಾರೂ ನೋಡಿಲ್ಲವೆಂದರೆ ಮುಂದಿನ ವಾರಕ್ಕೆ ಹಾಕಿ. ಅಷ್ಟು ದಯೆ ಇರಲಿ.

ಈ ನಿಯಮ ನಡೆಯಬೇಕಾದರೆ ಒಬ್ಬರೇ ನೋಡಿದರೆ ಆಗದು. ಮುಂಬೈಯಲ್ಲೋ ದುಬೈಯಲ್ಲೋ ಇರುವ ಅಕ್ಕ, ಭಾವ, ಚಿಕ್ಕಪ್ಪನನ್ನೂ ಸೇರಿಸಿ. ದುಬೈಯವರ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ, ಅವರಿಗದು ಬೆಳಗ್ಗೆ 8. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕಂತು ಮುಗಿಯುವ ತನಕ ಯಾರೂ ಬರೆಯಬಾರದು. ಮುಗಿದ ಮೇಲೆ ಎಷ್ಟು ಬೇಕಾದರೂ ಜಗಳಾಡಿ.

ಹಿಂದಿ ಬಾರದ ಅಜ್ಜಿ ಇದ್ದರೆ ಪಕ್ಕದಲ್ಲಿ ಅರ್ಥ ಹೇಳುವವರೊಬ್ಬರು ಕೂರಲಿ. ಬೊಂಬಾಯಲ್ಲಿ ಇದ್ದು ಬಂದವರಾದರೆ ಇನ್ನೂ ಒಳ್ಳೆಯದು.

ಮುಗಿದ ಮೇಲೆ

‘ರಾಮಾಯಣ’ ಮುಗಿದ ಮರುದಿನವೇ ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’ ಹಾಕಬೇಡಿ. ಅದು ಬಂದದ್ದು 1988ರ ಅಕ್ಟೋಬರ್ 2ಕ್ಕೆ. ನಡುವೆ ಎಂಟು ಭಾನುವಾರ ಖಾಲಿ ಬಿಡಿ. ಇದರ ಲೆಕ್ಕ ಮಾತ್ರ ಉಲ್ಟಾ. ಕಂತು 94, ಕೊನೆಯ ದಿನವಾದ 1990ರ ಜೂನ್ 24ರವರೆಗೆ ಭಾನುವಾರ 91. ಹಾಗಾಗಿ ಮೂರು ಭಾನುವಾರ ಎರಡೆರಡು ಕಂತು ನೋಡಲೇಬೇಕಾಗುತ್ತದೆ. ಆ ಮೂರನ್ನು ಕುರುಕ್ಷೇತ್ರದ ಕಂತುಗಳಿಗೆ ಇಟ್ಟುಕೊಳ್ಳಿ.