ಸೇಂಟ್ ಜಾನ್ಸ್ ಕೌಂಟಿಯಲ್ಲಿ ಮನೆ ಕೊಳ್ಳುವ ಮುನ್ನ

ಫ್ಲೋರಿಡಾದ ಈಶಾನ್ಯ ಕರಾವಳಿಯಲ್ಲಿರುವ ನಮ್ಮ ಸೇಂಟ್ ಜಾನ್ಸ್ ಕೌಂಟಿಗೆ ಜನ ಬರುತ್ತಲೇ ಇದ್ದಾರೆ. 2010ರ ಜನಗಣತಿಯಲ್ಲಿ ಸುಮಾರು 1.9 ಲಕ್ಷ ಇದ್ದ ಜನಸಂಖ್ಯೆ 2020ಕ್ಕೆ 2.73 ಲಕ್ಷ ದಾಟಿತ್ತು. ಕಾರಣ ಹುಡುಕಬೇಕಿಲ್ಲ. ಸಂಬಳದ ಮೇಲೆ ರಾಜ್ಯದ ಇನ್‌ಕಮ್ ಟ್ಯಾಕ್ಸ್ ಇಲ್ಲ, ಸರ್ಕಾರಿ ಶಾಲೆಗಳು ಚೆನ್ನಾಗಿವೆ, ಕೆಲಸಕ್ಕೆ ಜಾಕ್ಸನ್‌ವಿಲ್ ಪಕ್ಕದಲ್ಲೇ ಇದೆ. ಜನವರಿಯಲ್ಲೂ ಒಂದು ತೆಳು ಸ್ವೆಟರ್ ಹಾಕಿಕೊಂಡು ಬೀಚಿನಲ್ಲಿ ನಡೆಯಬಹುದು. ಇಲ್ಲೇ ನೆಲೆ ನಿಂತವಳಾಗಿ ಹೇಳುತ್ತೇನೆ, ಖಂಡಿತ ಬನ್ನಿ. ಆದರೆ ಮನೆ ನೋಡಲು ಹೋದಾಗ ಅಡುಗೆಮನೆಯ ಗ್ರಾನೈಟ್ ಆಮೇಲೆ ನೋಡಿ. ಮೊದಲು ನೀರು ನೋಡಿ, ಟ್ಯಾಕ್ಸ್ ಬಿಲ್ ನೋಡಿ.

ಅಮೆರಿಕದ ಕೇಂದ್ರ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾದ ಫ್ಲಡ್ ಮ್ಯಾಪಿನಲ್ಲಿ ವಿಳಾಸ ಹಾಕಿದರೆ ಮನೆ ಯಾವ ಜೋನಿನಲ್ಲಿದೆ ಅಂತ ಗೊತ್ತಾಗುತ್ತದೆ. ಎಇ ಅಥವಾ ವಿಇ ಆದರೆ ಅಪಾಯ ಜಾಸ್ತಿ. ವಿಇಯಲ್ಲಿ ಅಲೆಗಳ ಹೊಡೆತವೂ ಸೇರುತ್ತದೆ. ಎಕ್ಸ್ ಜೋನ್ ಆದರೆ ಸಾಲ ಕೊಡುವ ಬ್ಯಾಂಕು ಸಾಮಾನ್ಯವಾಗಿ ಫ್ಲಡ್ ಇನ್ಶೂರೆನ್ಸ್ ಕೇಳುವುದಿಲ್ಲ. ಕೇಳಲಿಲ್ಲ ಅಂತ ಬಿಡಬೇಡಿ. ಮಾಮೂಲಿ ಮನೆ ಇನ್ಶೂರೆನ್ಸ್ ಪ್ರವಾಹದ ಹಾನಿಗೆ ಹಣ ಕೊಡುವುದಿಲ್ಲ. ಟಿವಿಯಲ್ಲಿ ಚಂಡಮಾರುತ ಕಾಣಿಸಿಕೊಂಡ ಮೇಲೆ ಓಡಿದರೂ ಪ್ರಯೋಜನವಿಲ್ಲ, ಸರ್ಕಾರಿ ಫ್ಲಡ್ ಪಾಲಿಸಿ ಜಾರಿಗೆ ಬರಲು ಸಾಮಾನ್ಯವಾಗಿ 30 ದಿನ ಬೇಕು. ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ.

ಮ್ಯಾಪಿನಲ್ಲಿ ಕಾಣದ್ದೂ ಇದೆ. 1565ರಲ್ಲಿ ಹುಟ್ಟಿದ ಸೇಂಟ್ ಅಗಸ್ಟೀನ್ ಊರು ನೋಡಿದರೆ ಯಾರಿಗಾದರೂ ಮನಸ್ಸಾಗುತ್ತದೆ. ಅಲ್ಲಿನ ಹಳೇ ಕೋಟೆಯ ಗೋಡೆ ಮುಟ್ಟಿ ನೋಡಿ, ಚಿಪ್ಪುಗಳೇ ಒತ್ತಿಕೊಂಡು ಕಲ್ಲಾಗಿವೆ. ಆದರೆ ಆ ಭಾಗದಲ್ಲಿ ಮನೆ ಕೊಳ್ಳುವ ಆಸೆಯಿದ್ದರೆ ಅಕ್ಟೋಬರಿನಲ್ಲಿ, ಹುಣ್ಣಿಮೆ ಅಮಾವಾಸ್ಯೆ ಆಸುಪಾಸು, ಸಮುದ್ರದ ಉಬ್ಬರದ ಹೊತ್ತಿಗೆ ಹೋಗಿ. ಬಿಸಿಲು ಹೊಡೆಯುತ್ತಿರುತ್ತದೆ, ಮಳೆಯ ಒಂದು ಹನಿ ಇರುವುದಿಲ್ಲ, ರಸ್ತೆ ಬದಿಯ ಚರಂಡಿಯ ಜಾಲರಿಯಿಂದ ನೀರು ಮೇಲೆ ಉಕ್ಕಿ ಬರುತ್ತಿರುತ್ತದೆ. ಡೇವಿಸ್ ಶೋರ್ಸ್ ಬಡಾವಣೆಯಲ್ಲಿ 2016ರ ಮ್ಯಾಥ್ಯೂ, 2017ರ ಇರ್ಮಾ ಎರಡೂ ಚಂಡಮಾರುತಗಳಲ್ಲಿ ನೀರು ನುಗ್ಗಿತ್ತು. ಹುಲ್ಲಿಗೆ ನೀರು ಹಾಕುತ್ತಾ ನಿಂತ ಪಕ್ಕದ ಮನೆಯವರನ್ನು ಸುಮ್ನೆ ಕೇಳಿ, "ಇರ್ಮಾ ಬಂದಾಗ ನೀರು ಎಲ್ಲಿವರೆಗೆ ಬಂತು?" ಮೊಣಕಾಲು ತೋರಿಸುತ್ತಾರೋ ಸೊಂಟ ತೋರಿಸುತ್ತಾರೋ ನೋಡಿ. 2024ರ ಅಕ್ಟೋಬರಿನಿಂದ ಮಾರುವವರೂ ಹಿಂದಿನ ಫ್ಲಡ್ ಕ್ಲೇಮುಗಳ ವಿವರ ಬರೆದು ಕೊಡಬೇಕು. ಆ ಕಾಗದ ಓದದೆ ಸಹಿ ಮಾಡಬೇಡಿ.

ಇನ್ನು ಮನೆಯ ಟ್ಯಾಕ್ಸ್, ಅಂದರೆ ಆಸ್ತಿ ತೆರಿಗೆ. ಹೊರಗಿನಿಂದ ಬಂದವರು ಹೆಚ್ಚಾಗಿ ಎಡವುವುದು ಇಲ್ಲೇ. ಜಾಹೀರಾತಿನಲ್ಲಿ ಹಾಕುವುದು ಈಗಿನ ಮಾಲೀಕರು ಕಟ್ಟುತ್ತಿರುವ ಟ್ಯಾಕ್ಸ್. ಅವರು ಹೋಮ್‌ಸ್ಟೆಡ್ (ಸ್ವಂತ ವಾಸದ ಮನೆಗೆ ಸಿಗುವ ಟ್ಯಾಕ್ಸ್ ವಿನಾಯಿತಿ) ಮಾಡಿಸಿಕೊಂಡಿದ್ದರೆ ಟ್ಯಾಕ್ಸಿಗೆ ಲೆಕ್ಕ ಹಿಡಿಯುವ ಮನೆ ಬೆಲೆ ವರ್ಷಕ್ಕೆ ಶೇ. 3ಕ್ಕಿಂತ ಜಾಸ್ತಿ ಏರುವಂತಿಲ್ಲ. ಹತ್ತು ಹದಿನೈದು ವರ್ಷ ಇದ್ದವರ ಬಿಲ್ ಅದಕ್ಕೇ ಅಷ್ಟು ಕಡಿಮೆ. ನೀವು ಕೊಂಡ ಮೇಲಿನ ಜನವರಿ 1ಕ್ಕೆ ಬೆಲೆ ಮತ್ತೆ ಮಾರುಕಟ್ಟೆ ದರಕ್ಕೆ ಏರುತ್ತದೆ. ಹಾಗಾಗಿ ನೀವು ಕೊಡುವ ಬೆಲೆಗೇ ಟ್ಯಾಕ್ಸ್ ಲೆಕ್ಕ ಹಾಕಿ ನೋಡಿ.

ನೊಕಾಟಿಯಂಥ ಹೊಸ ಬಡಾವಣೆಗಳಲ್ಲಿ ಬಿಲ್ಲಿನ ಕೆಳಭಾಗದಲ್ಲಿ ಸಿಡಿಡಿ (ಕಮ್ಯುನಿಟಿ ಡೆವಲಪ್‌ಮೆಂಟ್ ಡಿಸ್ಟ್ರಿಕ್ಟ್) ಅಂತ ಬೇರೆ ಸಾಲು ಇರುತ್ತದೆ. ರಸ್ತೆ, ಕೆರೆ, ಪಾರ್ಕು ಮಾಡಲು ಎತ್ತಿದ ಸಾಲದ ಕಂತು, ಅವುಗಳ ನಿರ್ವಹಣೆಯ ಖರ್ಚು ಅದು. ಬಡಾವಣೆಯ ಮನೆ ಮಾಲೀಕರ ಸಂಘಕ್ಕೆ ಕಟ್ಟುವ ಎಚ್‌ಒಎ ಫೀ ಬೇರೆ, ಇದು ಬೇರೆ. ಎರಡನ್ನೂ ತಿಂಗಳ ಲೆಕ್ಕಕ್ಕೆ ಸೇರಿಸಿ. ಅಂದಹಾಗೆ, ಆ ಕೆರೆಗಳಲ್ಲಿ ಮೊಸಳೆ ಜಾತಿಯ ಆಲಿಗೇಟರ್ ಇರುತ್ತವೆ. ಮಕ್ಕಳನ್ನು ದಡಕ್ಕೆ ಬಿಡಬೇಡಿ.

ಶಾಲೆಗೆಂದೇ ಮನೆ ಕೊಳ್ಳುವವರು ಒಂದು ಗಮನಿಸಿ. ಊರು ಬೆಳೆದಂತೆ ಹೊಸ ಶಾಲೆ ತೆರೆಯುತ್ತಾರೆ, ಆಗ ಯಾವ ಬೀದಿ ಯಾವ ಶಾಲೆಗೆ ಅನ್ನುವುದೂ ಬದಲಾಗುತ್ತದೆ. ಸ್ಕೂಲ್ ಡಿಸ್ಟ್ರಿಕ್ಟ್ ಕಚೇರಿಗೇ ಫೋನ್ ಮಾಡಿ ಕೇಳಿ. ಟ್ರಾಫಿಕ್ ನೋಡಲು ಭಾನುವಾರ ಹೋಗಬೇಡಿ, ಕೆಲಸದ ದಿನ ಬೆಳಗ್ಗೆ ಕೌಂಟಿ ರೋಡ್ 210ರಲ್ಲಿ ಐ-95 ಹೆದ್ದಾರಿ ಕಡೆಗೆ ಕಾರು ಓಡಿಸಿ ನೋಡಿ.

ಬಂದು ನೆಲೆಸಿದ ಮೇಲೆ 30 ದಿನದೊಳಗೆ ಫ್ಲೋರಿಡಾ ಡ್ರೈವಿಂಗ್ ಲೈಸೆನ್ಸ್ ಮಾಡಿಸಿ. ಜನವರಿ 1ಕ್ಕೆ ನೀವು ಆ ಮನೆಯಲ್ಲೇ ಇದ್ದರೆ ಮಾರ್ಚ್ 1ರೊಳಗೆ ಹೋಮ್‌ಸ್ಟೆಡ್ ಅರ್ಜಿ ಹಾಕಿ. ಟ್ಯಾಕ್ಸ್ ಬಿಲ್ ನವೆಂಬರಿನಲ್ಲಿ ಬರುತ್ತದೆ, ಆ ತಿಂಗಳೇ ಕಟ್ಟಿದರೆ ಶೇ. 4 ರಿಯಾಯಿತಿ ಸಿಗುತ್ತದೆ.