ಡೇಟಾ ಅನಲಿಸ್ಟ್‌ಗಳನ್ನು ಶಾಪ್ ಫ್ಲೋರ್‌ನಲ್ಲೇ ಹುಡುಕಿಕೊಂಡ ಬಗೆ: ನನ್ನ ಅನುಭವ

ಕಾರ್ಖಾನೆಯ ಅನಲಿಟಿಕ್ಸ್ ವಿಭಾಗಕ್ಕೆ ಗುಣಮಟ್ಟ ತಪಾಸಕರನ್ನೂ ಪ್ಲ್ಯಾನಿಂಗ್ ಗುಮಾಸ್ತರನ್ನೂ ತಂದು ಕೂರಿಸುತ್ತೇನೆ ಎಂದಾಗ, ವರ್ನಿಯರ್ (ಅಳತೆಯ ಉಪಕರಣ) ಹಿಡಿದವರ ಕೈಗೆ ಎಸ್‌ಕ್ಯೂಎಲ್ (ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಭಾಷೆ) ಕೊಟ್ಟರೆ ಏನಾದೀತು ಎಂದು ನಮ್ಮ ಹಣಕಾಸು ಮುಖ್ಯಸ್ಥರು ಸಭೆಯಲ್ಲೇ ಕೇಳಿದ್ದರು. ಈಗ ಆ ವಿಭಾಗದಲ್ಲಿ ಐದು ಜನರಿದ್ದಾರೆ, ಒಂದೂವರೆ ವರ್ಷದಿಂದ ಒಬ್ಬರೂ ಬಿಟ್ಟುಹೋಗಿಲ್ಲ, ಮತ್ತು ಬೆಳಗಿನ ಉತ್ಪಾದನಾ ಸಭೆ ಅವರ ಪರದೆಯ ಮುಂದೆಯೇ ನಡೆಯುತ್ತದೆ. ಇದೇ ಕೆಲಸದಲ್ಲಿರುವವರಿಗೆ ನನ್ನ ತಪ್ಪುಗಳಾದರೂ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ. ಅಂಕಿಗಳೆಲ್ಲ ನೆನಪಿನವು.

ಮೊದಲ ಪ್ರಯತ್ನದಲ್ಲಿ ನಾನು ಎಲ್ಲರಂತೆ ಡೇಟಾ ಸೈಂಟಿಸ್ಟ್ ಎಂಬ ಹೆಸರಿನ ಹಿಂದೆ ಹೋದೆ. ಏಜೆನ್ಸಿಯ ಮೂಲಕ ಇಬ್ಬರನ್ನು ತೆಗೆದುಕೊಂಡೆವು. ತಲೆಗೆ ಅವರ ವಾರ್ಷಿಕ ಸಂಬಳದ ಕಾಲು ಭಾಗದಷ್ಟು ಕಮಿಷನ್ ಕೊಟ್ಟೆವು. ಇಬ್ಬರೂ ಬುದ್ಧಿವಂತರೇ. ಆದರೆ ಮಾಡೆಲ್ ಕಟ್ಟಲು ಬಂದವರಿಗೆ ನಾವು ಕೊಟ್ಟದ್ದು ಕೈಬರಹದ ಲಾಗ್‌ಬುಕ್ಕು ಮತ್ತು ಗಡಿಯಾರ ಹನ್ನೊಂದು ನಿಮಿಷ ಹಿಂದಿದ್ದ ಒಂದು ಪಿಎಲ್‌ಸಿ, ಅಂದರೆ ಯಂತ್ರವನ್ನು ನಿಯಂತ್ರಿಸುವ ಕಂಪ್ಯೂಟರ್. ಒಬ್ಬರು ಏಳು ತಿಂಗಳಿಗೆ ಹೋದರು, ಇನ್ನೊಬ್ಬರು ವರ್ಷ ತುಂಬಲು ತಿಂಗಳಿದೆ ಎನ್ನುವಾಗ ಹೋದರು. ಏಜೆನ್ಸಿಯ ಬದಲಿ ಗ್ಯಾರಂಟಿ ಮೂರೇ ತಿಂಗಳದ್ದಾಗಿದ್ದರಿಂದ ಕಮಿಷನ್ನಿನಲ್ಲಿ ಒಂದು ಪೈಸೆಯೂ ಹಿಂದಕ್ಕೆ ಬರಲಿಲ್ಲ.

ಎರಡನೆಯ ಸಲ ಹೊರಗಿನ ಸಂಸ್ಥೆಯೊಂದಕ್ಕೆ ಗುತ್ತಿಗೆ ಕೊಟ್ಟೆವು. ಸ್ವಂತ ನೌಕರನ ಎರಡೂವರೆ ಪಟ್ಟು ದಿನದರ. ಅವರು ಸುಮಾರು ನಲವತ್ತು ಡ್ಯಾಶ್‌ಬೋರ್ಡ್ ಮಾಡಿಕೊಟ್ಟರು. ಆ ಡ್ಯಾಶ್‌ಬೋರ್ಡ್‌ಗಳನ್ನು ತೋರಿಸುವ ಪವರ್ ಬಿಐ ತಂತ್ರಾಂಶದ ಬಳಕೆಯ ದಾಖಲೆಯನ್ನು ಒಂದು ದಿನ ತೆಗೆದು ನೋಡಿದರೆ, ತಿಂಗಳ ನಂತರವೂ ಯಾರಾದರೂ ತೆರೆಯುತ್ತಿದ್ದವು ಮೂರು ಮಾತ್ರ, ಅವುಗಳಲ್ಲಿ ಒಂದನ್ನು ತೆರೆಯುತ್ತಿದ್ದವನು ನಾನು. ಗುತ್ತಿಗೆ ಮುಗಿದ ಮೇಲೆ ಯಾವ ಕೋಷ್ಟಕ ಎಲ್ಲಿಂದ ಬರುತ್ತದೆ ಎಂದು ಹೇಳಬಲ್ಲವರೇ ನಮ್ಮಲ್ಲಿ ಇರಲಿಲ್ಲ.

ಆ ಹೊತ್ತಿಗೆ ನನಗೆ ಒಂದು ವಿಷಯ ಖಚಿತವಾಗಿತ್ತು: ನಾವು ಒಂದೇ ಹುದ್ದೆಯೊಳಗೆ ಎರಡು ಕೆಲಸಗಳನ್ನು ತುರುಕುತ್ತಿದ್ದೆವು. ಪಿಎಲ್‌ಸಿ, ಎಂಇಎಸ್ (ಉತ್ಪಾದನೆಯ ದಾಖಲೆ ಇಡುವ ತಂತ್ರಾಂಶ), ಇಆರ್‌ಪಿ (ಇಡೀ ಕಂಪನಿಯ ವ್ಯವಹಾರದ ತಂತ್ರಾಂಶ) ಇವುಗಳಿಂದ ದತ್ತಾಂಶವನ್ನು ಸರಿಯಾಗಿ ಒಂದೆಡೆ ತರುವುದು ಎಂಜಿನಿಯರಿಂಗ್. ಅದಕ್ಕೆ ಹೊರಗಿನಿಂದ ಒಬ್ಬ ಪಳಗಿದ ಡೇಟಾ ಎಂಜಿನಿಯರ್ ಬೇಕು, ಕೇಳಿದಷ್ಟು ಸಂಬಳವನ್ನೂ ಕೊಡಬೇಕು. ನಾನು ಚೌಕಾಸಿ ಮಾಡಿ ಒಬ್ಬ ಒಳ್ಳೆಯ ಅಭ್ಯರ್ಥಿಯನ್ನು ಕಳೆದುಕೊಂಡ ಮೇಲೆಯೇ ಇದು ಗೊತ್ತಾಯಿತು. ಬಂದ ಅಂಕಿ ನಿಜವೋ ಸುಳ್ಳೋ ಎಂದು ತೀರ್ಮಾನಿಸುವುದು ಬೇರೆಯೇ ಕೆಲಸ, ಮತ್ತು ಅದನ್ನು ಬಲ್ಲವರು ಒಳಗೇ ಇದ್ದರು.

ಅವರನ್ನು ಹುಡುಕಲು ಒಂದು ಪರೀಕ್ಷೆ ಮಾಡಿದೆ. ಮೋಲ್ಡಿಂಗ್ ಲೈನಿನ ಒಂದು ವಾರದ ದತ್ತಾಂಶವನ್ನು ತೊಳೆಯದೆ, ಬಳಿಯದೆ ಎಕ್ಸೆಲ್ ಹಾಳೆಗಳಲ್ಲಿ ಕೊಟ್ಟು, ಎರಡು ಗಂಟೆಯೊಳಗೆ ಒಇಇ (ಯಂತ್ರದ ಪೂರ್ಣ ಸಾಮರ್ಥ್ಯದಲ್ಲಿ ಶೇಕಡಾ ಎಷ್ಟು ಒಳ್ಳೆಯ ಭಾಗಗಳಾಗಿ ಹೊರಬಂತು ಎಂಬ ಲೆಕ್ಕ) ಹೇಳಿ ಎಂದೆ. ಉತ್ತರಕ್ಕೆ ಅಂಕವಿರಲಿಲ್ಲ; ಲೆಕ್ಕಕ್ಕಿಳಿಯುವ ಮೊದಲು ಯಾರನ್ನು ಏನು ಕೇಳುತ್ತಾರೆ ಎಂಬುದಕ್ಕೆ ಅಂಕವಿತ್ತು. ಹಾಳೆಯಲ್ಲಿ ಐದು ಬಲೆಗಳಿದ್ದವು. ರಾತ್ರಿ ಪಾಳಿ ಹತ್ತರಿಂದ ಆರರವರೆಗೆ ನಡೆಯುವುದರಿಂದ, ದಿನಾಂಕದ ಪ್ರಕಾರ ಗುಂಪು ಮಾಡಿದವರ ಲೆಕ್ಕದಲ್ಲಿ ಒಂದು ಪಾಳಿ ಎರಡು ದಿನಕ್ಕೆ ಹರಿದುಹೋಗುತ್ತಿತ್ತು. ರೀವರ್ಕ್ ಆಗಿ, ಅಂದರೆ ದೋಷ ತಿದ್ದಿಸಿಕೊಂಡು ಬಂದ ಭಾಗಗಳು ಒಳ್ಳೆಯ ಭಾಗಗಳೆಂದು ಮತ್ತೊಮ್ಮೆ ಎಣಿಕೆಯಾಗಿದ್ದವು. ಒಂದು ಯಂತ್ರದ ಪರ್ಫಾರ್ಮೆನ್ಸ್ (ನಿಗದಿತ ವೇಗಕ್ಕೆ ಹೋಲಿಸಿದರೆ ನಿಜದ ವೇಗ) 112 ಶೇಕಡಾ ಬರುತ್ತಿತ್ತು, ಏಕೆಂದರೆ ಇಆರ್‌ಪಿಯಲ್ಲಿದ್ದ ಸೈಕಲ್ ಟೈಮ್ (ಯಂತ್ರದ ಒಂದು ಸುತ್ತಿಗೆ ನಿಗದಿಯಾದ ಸಮಯ) ಹಳೆಯದು. ಮೂರು ಸರ್ಟಿಫಿಕೇಟ್ ಇದ್ದ ಹೊರಗಿನ ಅಭ್ಯರ್ಥಿಯೊಬ್ಬರು ಅದಕ್ಕೆ ಸೂತ್ರ ಹಾಕಿ 100ಕ್ಕೆ ಕತ್ತರಿಸಿಬಿಟ್ಟರು. ಏಕೆ ಎಂದು ಕೇಳಿದರೆ ನೂರಕ್ಕಿಂತ ಹೆಚ್ಚು ಬರಬಾರದಲ್ಲ ಎಂದರು.

ನಾಲ್ಕನೆಯದು ನನ್ನ ಮೆಚ್ಚಿನ ಬಲೆ. ಗುಣಮಟ್ಟ ವಿಭಾಗದ ತಪಾಸಕಿಯೊಬ್ಬರು ಒಇಇ ಹಾಳೆಯನ್ನು ಮುಟ್ಟಲೇ ಇಲ್ಲ. ಸೀದಾ ತಪಾಸಣೆಯ ಹಾಳೆಗೆ ಹೋಗಿ, ಕ್ಯಾವಿಟಿ (ಭಾಗವೊಂದು ರೂಪುಗೊಳ್ಳುವ ಅಚ್ಚಿನ ಗೂಡು) ಸಂಖ್ಯೆಯ ಕಾಲಮ್ಮಿನ ಮೇಲೆ ಬೆರಳಿಟ್ಟು, ಬುಧವಾರದಿಂದ ಕೆಳಗೆ ಜಾರಿಸುತ್ತಾ ಹೋದರು. “ಸರ್, 1, 2, 4 ಇದೆ. 3 ಎಲ್ಲೂ ಇಲ್ಲ. ಆ ಕ್ಯಾವಿಟಿ ಮುಚ್ಚಿದ್ದರು ಅಂತ ಕಾಣುತ್ತೆ, ಟೂಲ್ ರೂಮಿನವರನ್ನು ಕೇಳಬೇಕು.” ಕೌಂಟರ್ ಎಣಿಸುವುದು ಶಾಟ್‌ಗಳನ್ನು, ಅಂದರೆ ಅಚ್ಚು ಎಷ್ಟು ಸಲ ತುಂಬಿತು ಎಂಬುದನ್ನು, ಸಾಫ್ಟ್‌ವೇರ್ ಅದನ್ನು ನಾಲ್ಕರಿಂದ ಗುಣಿಸುತ್ತಲೇ ಇತ್ತು, ಬೀಳುತ್ತಿದ್ದುದು ಮೂರು ಭಾಗ. ಆ ದಿನಗಳಲ್ಲಿ ಎಂಬತ್ತು ಶೇಕಡಾ ಎಂದು ತೋರುತ್ತಿದ್ದ ಒಇಇ ನಿಜದಲ್ಲಿ ಅರವತ್ತು. ಆ ತಪಾಸಕಿಗೆ ಅಂದು ಎಕ್ಸೆಲ್‌ನ ಪಿವೋಟ್ ಟೇಬಲ್ ಕೂಡ ಸರಿಯಾಗಿ ಬರುತ್ತಿರಲಿಲ್ಲ. ಇಂದು ತಂಡದ ಹಿರಿಯ ಅನಲಿಸ್ಟ್ ಅವರೇ. ಐದನೆಯ ಬಲೆಯನ್ನು ಇಲ್ಲಿ ಹೇಳುವುದಿಲ್ಲ, ಅದು ಇನ್ನೂ ಬಳಕೆಯಲ್ಲಿದೆ.

ಹೊರಗಿನ ಇಪ್ಪತ್ತು ಚಿಲ್ಲರೆ ಅಭ್ಯರ್ಥಿಗಳಲ್ಲಿ ರಾತ್ರಿ ಪಾಳಿಯ ತೊಡಕನ್ನು ಕಂಡವರು ಮೂರು ಜನ. ಒಳಗಿನ ಮೂವತ್ತರಲ್ಲಿ ಅದು ತಪ್ಪಿಹೋದವರೇ ಮೂರು ಜನ ಇರಬಹುದು.

ಆದರೂ ಮೊದಲ ತಂಡ ಉಳಿಯಲಿಲ್ಲ, ತಪ್ಪು ನಮ್ಮದು. ನಾಲ್ಕು ಜನರನ್ನು ಆರಿಸಿ ಐದು ತಿಂಗಳು ಅರ್ಧ ದಿನ ಎಸ್‌ಕ್ಯೂಎಲ್, ಅರ್ಧ ದಿನ ಹಳೆಯ ಕೆಲಸ ಎಂದು ನಡೆಸಿದೆವು. ಸಂಬಳವನ್ನು ಮಾತ್ರ ತಪಾಸಕರ ದರ್ಜೆಯಲ್ಲೇ ಬಿಟ್ಟೆವು. ಹತ್ತು ತಿಂಗಳೊಳಗೆ ಇಬ್ಬರು ಹೆಚ್ಚುಕಡಿಮೆ ಇಮ್ಮಡಿ ಸಂಬಳಕ್ಕೆ ಹೋದರು. ಅವರನ್ನು ದೂರಲಾರೆ. ಆಮೇಲೆ ಪ್ರತ್ಯೇಕ ದರ್ಜೆ ಮಾಡಿಸಿದೆ: ಸೇರುವಾಗಲೇ ಶೇಕಡಾ 30ರಷ್ಟು ಏರಿಕೆ, ಮೊದಲ ವರದಿ ಬೆಳಗಿನ ಸಭೆಯಲ್ಲಿ ನೆಲೆಯೂರಿದ ಮೇಲೆ ಇನ್ನೊಂದು. ಎರಡನ್ನೂ ಕೂಡಿಸಿದರೂ ಹೊರಗಿನ ಅನಲಿಸ್ಟ್‌ನ ಸಂಬಳದ ಮುಕ್ಕಾಲು ಭಾಗ ದಾಟುವುದಿಲ್ಲ, ಕಮಿಷನ್ನಿನ ಮಾತೇ ಇಲ್ಲ. ಇದನ್ನು ಮಂಜೂರು ಮಾಡಿಸಲು ಮಾನವ ಸಂಪನ್ಮೂಲ ವಿಭಾಗದ ಮುಂದೆ ಯಾವ ಹಾಳೆ ಇಟ್ಟೆ ಎಂಬುದು ನನ್ನಲ್ಲೇ ಇರಲಿ.

ನಡುವೆ ಒಂದು ಪಕ್ಕದ ಪ್ರಯೋಗ. ಮೆಷಿನ್ ಲರ್ನಿಂಗ್‌ಗೆಂದೇ ಒಬ್ಬರನ್ನು ನೇಮಿಸಬೇಕೆಂಬ ಒತ್ತಡ ಬಂದಾಗ, ಮೊದಲು ಇಂಟರ್ನ್ ಒಬ್ಬರಿಗೆ ಒಂದು ಕಂಪ್ರೆಸರ್‌ನ ಕಂಪನದ ದತ್ತಾಂಶ ಕೊಟ್ಟು ನೋಡಿದೆ. ಎಂಟು ತಿಂಗಳಲ್ಲಿ ಕಂಪ್ರೆಸರ್ ಕೆಟ್ಟದ್ದು ಎರಡೇ ಸಲ. ಎರಡು ಉದಾಹರಣೆಯಿಂದ ಮಾಡೆಲ್ ಏನನ್ನು ಕಲಿಯಬೇಕು? ಹುದ್ದೆಯನ್ನು ಮುಂದೂಡಿದೆವು. ಬ್ರೇಕ್‌ಡೌನ್ ಕಾರಣಗಳ ಪಟ್ಟಿಯಲ್ಲಿ “ಇತರೆ” ಎಂಬುದೇ ಶೇಕಡಾ 40ರಷ್ಟು ಇರುವಾಗ ಆ ಹಣವನ್ನು ಅಲ್ಲಿಗೆ ಹಾಕುವುದು ಲೇಸು ಎಂದು ವಾದಿಸಿದೆ. ಅನಲಿಸ್ಟ್‌ಗಳು ತಿಂಗಳಿಗೆ ಎರಡು ರಾತ್ರಿ ಪಾಳಿ ಲೈನಿನಲ್ಲೇ ಇರಬೇಕೆಂದು ಮಾಡಿದ ಮೇಲೆ “ಇತರೆ” ಹದಿನೈದರ ಆಸುಪಾಸಿಗೆ ಇಳಿಯಿತು.

ಬಗೆಹರಿಯದ ತೊಂದರೆ ಒಂದಿದೆ. ನಾನು ಎತ್ತಿಕೊಂಡು ಬಂದವರ ಜಾಗ ಅವರವರ ವಿಭಾಗಗಳಲ್ಲಿ ಖಾಲಿ ಬೀಳುತ್ತದೆ. ಬದಲಿ ನೌಕರನ ಮೊದಲ ಆರು ತಿಂಗಳ ಸಂಬಳ ಈಗ ನನ್ನ ಬಜೆಟ್ಟಿನಿಂದಲೇ ಹೋಗುತ್ತಿದೆ. ಅಷ್ಟಾದರೂ ಗುಣಮಟ್ಟ ವಿಭಾಗದ ವ್ಯವಸ್ಥಾಪಕರು, ನಾನು ಅವರ ಕೋಣೆಯ ಕಡೆ ಬರುವುದು ಕಂಡರೆ, ತಮ್ಮ ತಪಾಸಕರನ್ನು ಏನಾದರೂ ಕೆಲಸ ಹೇಳಿ ಸ್ಟೋರ್ಸ್ ಕಡೆಗೆ ಕಳುಹಿಸಿಬಿಡುತ್ತಾರೆ.